ಹಂಸಧ್ವನಿಗೆ ಕಾರ್ಡ್ ಕೂಡಿಸುವುದು ಹೇಗೆ?

ಕರ್ನಾಟಕ ಸಂಗೀತ ಹಾಡುವವರ ಪಕ್ಕ ಕೀಬೋರ್ಡ್ ಇಟ್ಟುಕೊಂಡು ಕೂರುವವರಿಗೆ ಕಾರ್ಡ್ (ಒಟ್ಟಿಗೆ ನುಡಿಸುವ ಮೂರು-ನಾಲ್ಕು ಸ್ವರಗಳ ಗುಂಪು) ಕೂಡಿಸಲು ಮೊದಲ ರಾಗವಾಗಿ ಹಂಸಧ್ವನಿ ವಾಸಿ. ಷಡ್ಜ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ, ಕಾಕಲಿ ನಿಷಾದ: ಐದೇ ಸ್ವರ. ತೋಡಿ ರಾಗದಷ್ಟು ಗಮಕದ ಓಲಾಟವೂ ಇಲ್ಲ.

ಮೊದಲು ಶ್ರುತಿ ಕೇಳಿಕೊಳ್ಳಿ. ಒಂದು ಮನೆ ಅಂದರೆ ಸಿ, ಐದು ಮನೆ ಅಂದರೆ ಜಿ. ಗಣೇಶೋತ್ಸವದ ಪೆಂಡಾಲಿನಲ್ಲಾದರೆ ಸೌಂಡ್‌ನವರಿಗೆ ಮುಂಚೆಯೇ ಹೇಳಿ ತಂಬೂರಿಯನ್ನು ನಿಮ್ಮ ಮಾನಿಟರಿಗೂ ಹಾಕಿಸಿ. ಅದು ಕೇಳದಿದ್ದರೆ ಮುಂದಿನದೆಲ್ಲ ಕುರುಡಾಟ. ಎಲೆಕ್ಟ್ರಾನಿಕ್ ತಂಬೂರಿಯ ಫೈನ್ ಟ್ಯೂನಿಂಗ್ ಅನ್ನು ಕೀಬೋರ್ಡಿನ ಷಡ್ಜಕ್ಕೆ ಕೂಡಿಸಿ.

ಷಡ್ಜ ಸಿ ಎಂದಿಟ್ಟುಕೊಂಡರೆ ಈ ರಾಗದ ಸ್ವರಗಳಲ್ಲೇ ಸಿಗುವ ಪೂರ್ತಿ ಕಾರ್ಡುಗಳು ಮೂರು: ಸ-ಗ-ಪ (ಸಿ ಮೇಜರ್), ಗ-ಪ-ನಿ (ಇ ಮೈನರ್), ಪ-ನಿ-ರಿ (ಜಿ ಮೇಜರ್). ಸಿನಿಮಾ ಹಾಡು ನುಡಿಸಿದ ಕೈ ತಾನಾಗಿ ಎಫ್ ಮೇಜರಿಗೆ ಹೋಗುತ್ತದೆ. ಅದರಲ್ಲಿ ಮ, ದ ಎರಡೂ ಅನ್ಯಸ್ವರ. ಎ ಮೈನರಿನಲ್ಲಿ ದ ಒಂದೇ, ಆದರೂ ಮೋಹನ ರಾಗದ ವಾಸನೆ ಬಡಿಯುತ್ತದೆ. ಇನ್ನೊಂದು ಸಂಗತಿ: ಕೆಳಗೆ ತಂಬೂರಿಯ ಷಡ್ಜ ನಿಂತಿರುವಾಗ ಇ ಮೈನರ್ ಮೈನರಾಗಿ ಕೇಳುವುದೇ ಇಲ್ಲ, ಸಿ ಮೇಜರ್ ಸೆವೆಂತ್ ಆಗಿಬಿಡುತ್ತದೆ. ಹಾಗಾಗಿ ಕೈಯಲ್ಲಿರುವ ಬಣ್ಣ ನಿಜಕ್ಕೂ ಎರಡೇ, ನೆಲೆ ಮತ್ತು ಪಂಚಮದ ಕಡೆಯ ಎಳೆತ.

ತೊಂದರೆ ಕೊಡುವುದು ಗಾಂಧಾರ. ತಂಬೂರಿಯ ಷಡ್ಜದ ತಂತಿಯೊಳಗೇ ಕೇಳಿಬರುವ ಅಂತರ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ಸ್ (ಕೀಬೋರ್ಡಿನಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ 100 ಸೆಂಟ್ಸ್), ಕೀಬೋರ್ಡಿನದು 400. ಈ 14 ಸೆಂಟ್ಸ್ ಅಂತರದಿಂದ ನಾದದಲ್ಲಿ ಅಲೆ ಏಳುತ್ತದೆ, ಗಾಯಕರಿಗೆ ಯಾವ ಗಾಂಧಾರ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಎಳೆದು ನಿಲ್ಲುವ ಪ್ಯಾಡ್, ಸ್ಟ್ರಿಂಗ್ಸ್ ಇದ್ದರೆ ಇನ್ನೂ ಕೆಟ್ಟದು. ಪಿಯಾನೋ ಬೇಗ ಇಳಿದುಹೋಗುವುದರಿಂದ ಪಾರು. ಎಡಗೈಯಲ್ಲಿ ಸ-ಪ, ಬಲಗೈಯಲ್ಲಿ ರಿ ಮಾತ್ರ ಇಡಿ. ಗಾಂಧಾರವನ್ನು ಹಾಡುವವರಿಗೇ ಬಿಟ್ಟುಬಿಡಿ. ನಿಷಾದವನ್ನು ಷಡ್ಜಕ್ಕೆ ಅಂಟಿಸಿ ಕೆಳಗೆ ನುಡಿಸಬೇಡಿ, ಕರ್ಕಶ. ಷಡ್ಜದ ಮೇಲೆ, ದೂರದಲ್ಲಿಡಿ.

ಆದಿತಾಳದ ಎಂಟು ಎಣಿಕೆಗೆ ಹೀಗೆ ಹಂಚಿ: ಲಘುವಿನ ನಾಲ್ಕಕ್ಕೆ ಸ-ಪ-ರಿ, ಮೊದಲ ದ್ರುತದ ಎರಡಕ್ಕೆ ಗ-ಪ-ನಿ (ಇಲ್ಲಿ ಮಾತ್ರ ಗಾಂಧಾರ, ಅದೂ ಮೆಲ್ಲಗೆ), ಎರಡನೆಯ ದ್ರುತದ ಎರಡಕ್ಕೆ ಪ-ನಿ-ರಿ. ಇದಕ್ಕಿಂತ ಬೇಗ ಬದಲಾಯಿಸಿದರೆ ಸಾಹಿತ್ಯ ಮುಳುಗುತ್ತದೆ.

ಕಲ್ಪನಾಸ್ವರ (ಹಾಡುವವರು ಆಗಲೇ ಕಟ್ಟುವ ಸ್ವರಗಳು) ಶುರುವಾದ ಕೂಡಲೇ ಬದಲಾವಣೆ ನಿಲ್ಲಿಸಿ, ಸ-ಪ ಸಾಕು. ಜಾಝ್‌ನಲ್ಲಿ 12 ಬಾರ್‌ಗಳ (ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ) ಬ್ಲೂಸ್ ಕಾರ್ಡುಗಳ ಸುತ್ತು ತಿರುಗುತ್ತಲೇ ಇರುತ್ತದೆ, ಸೋಲೋ ನುಡಿಸುವವರು ಅದಕ್ಕೆ ತಕ್ಕಂತೆ ಸ್ವರ ಆರಿಸುತ್ತಾರೆ. ಇಲ್ಲಿ ಹಾಡುವವರ ಕಣ್ಣು ಪಲ್ಲವಿ ಎತ್ತುವ ಜಾಗದ ಮೇಲೆ. ಅದು ಸಮದಿಂದ (ತಾಳದ ಮೊದಲ ಎಣಿಕೆಯಿಂದ) ಅರ್ಧ ಎಣಿಕೆ ಆಚೆ ಇದ್ದರೆ, ಸಮದ ಮೇಲೆ ನೀವು ಬಡಿದ ಕಾರ್ಡ್ ಅವರ ಮುಕ್ತಾಯವನ್ನೇ ಕೆಡಿಸುತ್ತದೆ. ಎತ್ತುವ ಜಾಗವನ್ನು ಮೊದಲೇ ಕೇಳಿ, ಬೇಕಿದ್ದರೆ ಅಲ್ಲೇ ಒತ್ತಿ.

ತಂಡದಲ್ಲಿ ಜಾಝ್‌ನವರೂ ಇದ್ದು ಸ್ಯಾಕ್ಸೋಫೋನ್ ಸರದಿ ಬಂದಾಗ ಕಾರ್ಡಿನ ಸುತ್ತು ಮತ್ತೆ ಶುರುಮಾಡಬಹುದು. ಒಬ್ಬೊಬ್ಬರಿಗೆ ಎರಡು ಆವರ್ತ (ತಾಳದ ಎರಡು ಪೂರ್ತಿ ಸುತ್ತು), ಅಂದರೆ ಜಾಝ್‌ನವರ ಲೆಕ್ಕದಲ್ಲಿ ನಾಲ್ಕು ಬಾರ್. ಪ-ನಿ-ರಿ ಬಂದಾಗ ನಿಷಾದದ ಮೇಲೆ ನಿಂತು, ಸಮಕ್ಕೆ ಷಡ್ಜಕ್ಕೆ ಏರಿದರೆ ಎರಡೂ ಕಡೆಯವರಿಗೆ ಒಪ್ಪಿಗೆ.

ಕಾರ್ಡೇ ಬೇಕೇ ಎಂಬ ಅನುಮಾನವಿದ್ದರೆ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರ ಜೊತೆ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ಮಾಡಿದ ಧ್ವನಿಮುದ್ರಣ ಕೇಳಿ: ಕಾರ್ಡ್ ನುಡಿಸುವ ವಾದ್ಯವೇ ಅಲ್ಲಿಲ್ಲ. ತೋಡಿಗಂತೂ ಸ-ಪ ಬಿಟ್ಟು ಬೇರೇನೂ ಮುಟ್ಟಬೇಡಿ. ಅಲ್ಲಿನ ಗಾಂಧಾರ ರಿಷಭ, ಮಧ್ಯಮಗಳ ನಡುವೆ ತೂಗುತ್ತಿರುತ್ತದೆ. ಒತ್ತಲು ಒಂದು ಕೀ ಅನ್ನುವುದೇ ಅದಕ್ಕಿಲ್ಲ.