ರಸಮಂಜರಿ ಮೈಕ್ ಸೆಟ್ ಮೇಲೆ ರಾಕ್ ಬ್ಯಾಂಡ್

ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ನಮ್ಮ ಬ್ಯಾಂಡನ್ನು ಎಲ್ಲಿ ಕರೆದರೂ ವೇದಿಕೆ ಮೇಲಿರುವ ಸೌಂಡ್ ರಾಕ್ ಬ್ಯಾಂಡಿಗೆಂದು ಬಂದದ್ದಲ್ಲ. ಭಾಷಣಕ್ಕೆ, ಯಕ್ಷಗಾನಕ್ಕೆ, ರಸಮಂಜರಿಗೆ ಬಂದದ್ದು. ರಸಮಂಜರಿಯಲ್ಲಿ ಡ್ರಮ್ಸ್ ಬದಲು ಆಕ್ಟೋಪ್ಯಾಡ್ ಎಂಬ ಎಲೆಕ್ಟ್ರಾನಿಕ್ ತಾಳವಾದ್ಯ ಇರುತ್ತದೆ. ಅದೂ ಕೀಬೋರ್ಡೂ ನೇರ ಮಿಕ್ಸರಿಗೆ ಹೋಗುತ್ತವೆ. ಹಾಗಾಗಿ ಮೈಕ್ ಸೆಟ್‌ನವರ ಪೆಟ್ಟಿಗೆಯಲ್ಲಿ ಹಾಡುವ ಮೈಕು ಬೇಕಾದಷ್ಟು ಸಿಕ್ಕಾವು, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೆ ಇಡುವ ಮೈಕು ಸಿಗುವುದು ಅಪರೂಪ. ಗಿಡ್ಡ ಸ್ಟ್ಯಾಂಡಂತೂ ಕೇಳುವುದೇ ಬೇಡ.

ಇಲ್ಲದ್ದನ್ನು ನಾವೇ ಒಯ್ಯುತ್ತೇವೆ: ಒಂದು ಕಿಕ್ ಮೈಕು, ಎರಡು ಶ್ಯೂರ್ ಎಸ್‌ಎಂ 57 ವಾದ್ಯದ ಮೈಕು, ಬಾಸ್ ಗಿಟಾರಿಗೂ ಅಕೂಸ್ಟಿಕ್ಕಿಗೂ ಒಂದೊಂದು ಡಿಐ ಬಾಕ್ಸ್ (ವಾದ್ಯವನ್ನು ನೇರ ಮಿಕ್ಸರಿಗೆ ಜೋಡಿಸುವ ಡಬ್ಬಿ), ಎರಡು ಗಿಡ್ಡ ಸ್ಟ್ಯಾಂಡ್, ಮೈಕಿಗೆ ಆರು ಎಕ್ಸ್‌ಎಲ್‌ಆರ್ ಕೇಬಲ್. ಕಿಕ್, ಸ್ನೇರ್ (ಕೋಲಿನಿಂದ ಬಾರಿಸುವ ಮುಖ್ಯ ಡ್ರಮ್ಮು), ಓವರ್‌ಹೆಡ್ (ಡ್ರಮ್ಸಿನ ಮೇಲೆ ಹಿಡಿಯುವ ಮೈಕು), ಬಾಸ್, ಎರಡು ಗಿಟಾರ್, ಮೂರು ಗಾಯನ, ಒಂದು ಅಕೂಸ್ಟಿಕ್ ಎಂದು ಹತ್ತು ಚಾನೆಲ್ ಬೇಕು. ಈ ಪಟ್ಟಿಯನ್ನು ಸಂಘಟಕರಿಗಲ್ಲ, ಮೈಕ್ ಸೆಟ್‌ನವರಿಗೇ ವಾಟ್ಸಾಪ್ ಮಾಡಬೇಕು. ಸಂಘಟಕರು "ಎಲ್ಲಾ ಅಡ್ಡಿಲ್ಲ, ಬನ್ನಿ" ಎಂದೇ ಹೇಳುವುದು.

ಹಲಗೆ ಹಾಸಿದ ವೇದಿಕೆಯಲ್ಲಿ ಎರಡು ತಾಪತ್ರಯ. ಕಿಕ್ ಡ್ರಮ್ಮು ಪ್ರತಿ ಹೊಡೆತಕ್ಕೂ ಮುಂದೆ ಸರಿಯುತ್ತದೆ. ಅದಕ್ಕೆ ಆರಡಿ ಚದರದ ಹಳೇ ಕಾರ್ಪೆಟ್ ಹಾಸಿ, ಕಿಕ್ಕಿನ ಕಾಲಿನ ಮುಂದೆ ಒಂದು ಮರದ ಪಟ್ಟಿಗೆ ಮೊಳೆ ಹೊಡೆಯುತ್ತೇವೆ. ಇನ್ನೊಂದು, ಹಲಗೆಯೇ ಬಾಸಿಗೆ ಕಂಪಿಸಿ ಆ ಗುಂಯ್ ಸದ್ದು ಸ್ಟ್ಯಾಂಡಿನ ಮೂಲಕ ಗಾಯನದ ಮೈಕಿಗೆ ಹತ್ತುತ್ತದೆ. ಬಾಸ್ ಆಂಪ್ ಅಡಿಗೆ ಮಡಿಸಿದ ಗೋಣಿಚೀಲ ಇಡಿ, ಗಾಯನದ ಚಾನೆಲ್‌ಗಳಲ್ಲೆಲ್ಲ 100 ಹರ್ಟ್ಸ್ ಲೋ ಕಟ್ (ಅದರ ಕೆಳಗಿನ ಸದ್ದು ತಗ್ಗಿಸುವ ಗುಂಡಿ) ಒತ್ತಿ. ಮುಕ್ಕಾಲು ಭಾಗ ಅಲ್ಲಿಗೇ ಹೋಯಿತು.

ಟ್ಯೂನಿಂಗಿಗಿಂತ ಮೊದಲು ನೋಡಬೇಕಾದ್ದು ಕರೆಂಟು. ಗಿಟಾರಿನ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದಾಗ ಚುರ್ ಎನ್ನುವುದನ್ನು "ಸ್ವಲ್ಪ ಕರೆಂಟು ಹೊಡೀತದೆ, ಏನಾಗ್ತಿಲ್ಲೆ" ಎಂದು ತಳ್ಳಿಹಾಕುವವರಿದ್ದಾರೆ. ಅದು ಅರ್ಥಿಂಗ್ ಇಲ್ಲ ಎಂಬ ಸೂಚನೆ, ಜೀವಕ್ಕೆ ಅಪಾಯ. ಒಂದು ಸಾದಾ ಮಲ್ಟಿಮೀಟರ್ ಸಾಕು. ಎಸಿ ವೋಲ್ಟಿಗೆ ತಿರುಗಿಸಿ ಪ್ಲಗ್ ಪಾಯಿಂಟಿನಲ್ಲಿ ಫೇಸ್-ನ್ಯೂಟ್ರಲ್ ನಡುವಿನ ವೋಲ್ಟೇಜು ನೋಡಿ, 220ರಿಂದ 240ರೊಳಗಿರಬೇಕು. ಆಮೇಲೆ ನ್ಯೂಟ್ರಲ್-ಅರ್ಥ್ ನೋಡಿ, ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. 100, 115 ಹೀಗೆ ತೋರಿಸಿದರೆ ಅರ್ಥ್ ಎಲ್ಲೋ ಕಡಿದಿದೆ: ಕೀಬೋರ್ಡ್, ಲ್ಯಾಪ್‌ಟಾಪ್‌ಗಳ ಪವರ್ ಸಪ್ಲೈ ಒಳಗಿನ ಫಿಲ್ಟರಿನಿಂದ ಸೋರಿದ ವೋಲ್ಟೇಜು ಹೋಗಲು ದಾರಿಯಿಲ್ಲದೆ ಲೋಹದ ಮೈ ಮೇಲೆ ಕೂತಿರುತ್ತದೆ. ಕೊನೆಗೆ ಮೀಟರಿನ ಒಂದು ಮೊನೆ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಒಂದೆರಡು ವೋಲ್ಟಿಗಿಂತ ಹೆಚ್ಚು ಬಂದರೆ ಯಾರೂ ಹಾಡಲು ನಿಲ್ಲಬಾರದು.

ಇದಕ್ಕೆ ಕಾರಣ ಬಹುತೇಕ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿರುವುದು, ಇಲ್ಲವೇ ಎಕ್ಸ್‌ಟೆನ್ಶನ್ ಬೋರ್ಡಿನೊಳಗೆ ಅರ್ಥ್ ವೈರನ್ನೇ ಜೋಡಿಸದಿರುವುದು. ಕಡಲ ತೀರದಲ್ಲಿ ಜನರೇಟರ್ ಇಟ್ಟಾಗ ಇನ್ನೊಂದು ಸೇರಿಕೊಳ್ಳುತ್ತದೆ. ಒಣ ಮರಳಿನಲ್ಲಿ ಹೊಡೆದ ಅರ್ಥ್ ಸರಳು ಲೆಕ್ಕಕ್ಕಿಲ್ಲ, ಹಸಿ ಮರಳು ಸಿಗುವವರೆಗೆ ಇಳಿಸಿ ನೀರು ಹೊಯ್ಯಬೇಕು. ಜನರೇಟರಿನ ಬಾಡಿ, ನ್ಯೂಟ್ರಲ್, ಸರಳು ಮೂರನ್ನೂ ಸೇರಿಸುವುದು ಎಲೆಕ್ಟ್ರಿಷಿಯನ್ ಕೆಲಸ. ನಾವು ಅಳೆದು ತೋರಿಸುತ್ತೇವೆ, ಕೈ ಹಾಕುವುದಿಲ್ಲ. ಬ್ಯಾಂಡೂ ಮಿಕ್ಸರೂ ಒಂದೇ ಫೇಸಿನಲ್ಲಿರಬೇಕು, ಯಾಕೆಂದರೆ ಎರಡು ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ. ಲೈಟಿನವರನ್ನು ಮಾತ್ರ ಬೇರೆ ಫೇಸಿಗೆ ಕಳಿಸಿ. ಅವರ ಡಿಮ್ಮರಿನ ಝಂಯ್ ಸದ್ದು ಗಿಟಾರ್ ತಂತಿಯ ಕಂಪನ ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್ಪಿಗೆ ಬೇಗ ಹಿಡಿಯುತ್ತದೆ.

ಸಮಯದ ಲೆಕ್ಕ: 2000ದ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ಮಧ್ಯರಾತ್ರಿವರೆಗಿನ ಸಡಿಲಿಕೆ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಸರ್ಕಾರ ಕೊಟ್ಟರೆ. ಇತ್ತ ಸಭಾ ಕಾರ್ಯಕ್ರಮ, ಸನ್ಮಾನ, ವಂದನಾರ್ಪಣೆ ಮುಗಿಯುವುದು ಯಾವಾಗ ಎಂದು ದೇವರಿಗೂ ಗೊತ್ತಿಲ್ಲ. ಹಾಡುಗಳನ್ನು 25 ನಿಮಿಷದ ಮೂರು ಕಂತು ಮಾಡಿಟ್ಟುಕೊಳ್ಳಿ, ಜನಕ್ಕೆ ಗೊತ್ತಿರುವ ಕನ್ನಡ ಹಾಡು ಮೊದಲ ಕಂತಿನಲ್ಲೇ ಇರಲಿ.

ಉಪ್ಪುಗಾಳಿಗೆ ಕೋಟಿಂಗ್ ಇಲ್ಲದ ಗಿಟಾರ್ ತಂತಿ ಬೇಗ ಕಿಲುಬು ಹಿಡಿಯುತ್ತದೆ. ಕೋಟೆಡ್ ತಂತಿ ದುಬಾರಿಯಾದರೂ ಕರಾವಳಿಯಲ್ಲಿ ಅದೇ ಅಗ್ಗ. ಕೇಸಿನಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಕೇಬಲ್ ಸಿಕ್ಕಿಸುವ ಜಾಕು ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಗ್ಯಾರೇಜಿನ ತುಕ್ಕು ಬಿಡಿಸುವ ಎಣ್ಣೆ ಬೇಡ, ಅದರ ಜಿಡ್ಡಿಗೆ ಮತ್ತೆ ಧೂಳು ಅಂಟುತ್ತದೆ.

ರೆಕಾರ್ಡಿಂಗಿಗೆ ನಮಗೆ ಸರಿಬಂದದ್ದು ಶಿರಸಿ ಕಡೆಯ ಹಳೇ ಮನೆಗಳ ಅಡಿಕೆ ಅಟ್ಟ. ಇಳಿಜಾರು ಹಂಚಿನ ಮಾಡಿನಿಂದಾಗಿ ಸದ್ದು ನೆಲಕ್ಕೂ ಮಾಡಿಗೂ ಬಡಿದು ಚಪ್ಪಾಳೆಯಂತೆ ಮರಳುವುದು ಕಡಿಮೆ. ಮೂಲೆಯಲ್ಲಿ ಆಳೆತ್ತರ ಪೇರಿಸಿದ ಅಡಿಕೆ ಚೀಲಗಳು ಗುಂಯ್‌ಗುಡುವುದನ್ನು ತಗ್ಗಿಸುತ್ತವೆ. ಮಳೆಗಾಲದಲ್ಲಿ ಹಂಚಿನ ಸದ್ದಿಗೆ ಏನೂ ನಡೆಯದು. ಕೊಯ್ಲಿನ ಕಾಲದಲ್ಲಿ ಜಾಗ ಕೇಳಲೇಬೇಡಿ, ಸುಲಿಯುವ ಯಂತ್ರವೂ ನಿಲ್ಲುವುದಿಲ್ಲ, ಮನೆಯವರಿಗೆ ಪುರುಸೊತ್ತೂ ಇಲ್ಲ. ಅದಾದ ಮೇಲೆ, ಮಳೆ ಹಿಡಿಯುವ ಮುನ್ನ, ಹಗಲಿನಲ್ಲಿ. ಸಂಜೆಯಾದರೆ ಜೀರುಂಡೆಯ ಚೀರು ದನಿ ಡ್ರಮ್ಸಿನ ಸಿಂಬಲ್ಲಿನ (ಲೋಹದ ತಟ್ಟೆಯ) ದನಿಯಿರುವ ಜಾಗದಲ್ಲೇ ಬಂದು ಕೂರುತ್ತದೆ, ಈಕ್ಯೂನಲ್ಲಿ (ದನಿ ತಿದ್ದುವ ಸಾಧನದಲ್ಲಿ) ಕತ್ತರಿಸಿದರೆ ಸಿಂಬಲ್ಲೂ ಹೋಗುತ್ತದೆ.

ಡ್ರಮ್ಸಿಗೆ ನಾಲ್ಕೇ ಮೈಕು: ಕಿಕ್ಕಿಗೊಂದು, ಸ್ನೇರಿಗೊಂದು, ಎರಡು ಓವರ್‌ಹೆಡ್. ಸ್ನೇರಿನ ನಡುವಿಂದ ಒಂದು ಮೀಟರ್ ದಾರ ಹಿಡಿದು ಒಂದು ಓವರ್‌ಹೆಡ್ಡನ್ನು ನೇರ ಮೇಲೆ, ಇನ್ನೊಂದನ್ನು ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ಡ್ರಮ್ಮು) ಆಚೆ, ಅದೇ ದಾರದ ಅಳತೆಗೆ. ದೂರ ಬೇರೆಯಾದರೆ ಸ್ನೇರ್ ಎರಡು ಮೈಕಿಗೂ ಬೇರೆ ಬೇರೆ ಹೊತ್ತಿಗೆ ತಲುಪಿ ದನಿ ಟೊಳ್ಳಾಗುತ್ತದೆ. ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್ ಇರಲಿ. ಅತಿ ಜೋರಿನ ಹೊಡೆತವೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 10 ಡಿಬಿ ದಾಟದಿರಲಿ. ಈ ಲೆಕ್ಕದಲ್ಲಿ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ಎಂಟು ಟ್ರ್ಯಾಕಿನ ಐದು ನಿಮಿಷದ ಹಾಡು ಒಂದು ಟೇಕಿಗೆ 345 ಎಂಬಿ ತಿನ್ನುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ, ಚಾರ್ಜರಿನ ಹಮ್ಮು ಬರುವುದಿಲ್ಲ. ಕರೆಂಟು ಹೋದಾಗ ಆಂಪಿಗೆ ಸೈನ್‌ವೇವ್ ಇನ್ವರ್ಟರೇ ಬೇಕು, ಸ್ಕ್ವೇರ್‌ವೇವಿನದ್ದಾದರೆ ಆಂಪು ಗೊರ್ ಎನ್ನುತ್ತದೆ.

ಮಿಕ್ಸ್ ಮುಗಿದ ಮೇಲೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ. ಅಲ್ಲಿ ಬಾಸ್ ಮಾಯವಾಗಿದ್ದರೆ ಅದನ್ನು ಜೋರು ಮಾಡಬೇಡಿ. ಬಾಸ್ ಟ್ರ್ಯಾಕಿನ ನಕಲೊಂದಕ್ಕೆ ತುಸು ಡಿಸ್ಟಾರ್ಶನ್ ಕೊಟ್ಟು, 300 ಹರ್ಟ್ಸಿನ ಕೆಳಗೆಲ್ಲ ಕತ್ತರಿಸಿ, ಮೂಲದ ಜೊತೆ ಮೆಲ್ಲಗೆ ಬೆರೆಸಿ.