ಥೀಸಿಸ್‌ಗೆ ಗೈಡ್, ಕೋ-ಗೈಡ್ ಆರಿಸಿದ್ದು ಹೀಗೆ

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಥೀಸಿಸ್‌ಗೆ ನಾನು ಎತ್ತಿಕೊಂಡ ವಿಷಯ ಮಲ್ಪೆ ಬಂದರಿನ ಬೋಟ್ ಕಾರ್ಮಿಕರ ರಕ್ತದೊತ್ತಡ. ಗೈಡ್ ಹುಡುಕುವ ಮೊದಲು, ಈ ಕೆಲಸದಲ್ಲಿ ನನಗೆ ಬಾರದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ: ಸ್ಯಾಂಪಲ್ ಲೆಕ್ಕ, ಬಿಪಿ ಅಳೆಯುವ ಕ್ರಮ, ಬಂದರಿನ ಒಳಗಿನ ಪರಿಚಯ. ಯಾರನ್ನು ಕೇಳಬೇಕೆಂದು ಆ ಹಾಳೆಯೇ ಹೇಳಿತು. ಹುದ್ದೆ ನೋಡಿ ಗೈಡ್ ಆರಿಸಬೇಡಿ. ಅತಿ ಹಿರಿಯರ ಹೆಸರು ಮುಖಪುಟಕ್ಕೆ ಚೆಂದ, ಆದರೆ ಡ್ರಾಫ್ಟ್ ಅವರ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತರೆ ಎರಡು ವರ್ಷದ ಕೋರ್ಸ್‌ನಲ್ಲಿ ಆ ಸಮಯವನ್ನು ಎಲ್ಲಿಂದ ತರುವುದು?

ವಿಭಾಗದ ಲೈಬ್ರರಿಯಲ್ಲಿ ನಿಮ್ಮ ಮನಸ್ಸಿನಲ್ಲಿರುವ ಗೈಡ್ ಮಾಡಿಸಿದ ಮೂರು ಹಳೆಯ ಥೀಸಿಸ್ ತೆಗೆದು 'ಮೆಥಡ್ಸ್' ಅಧ್ಯಾಯವನ್ನಷ್ಟೇ ಓದಿ. ಸ್ಯಾಂಪಲ್ ಸೈಜ್ ಎಲ್ಲಿಂದ ಬಂತೆಂದು ಬರೆಸಿದ್ದಾರೆಯೇ ನೋಡಿ. ವೈದ್ಯಕೀಯ ಲೇಖನಗಳ ಜಾಲತಾಣ ಪಬ್‌ಮೆಡ್‌ನಲ್ಲಿ ಅವರ ಲೇಖನಗಳಿಗೆ ವಿದ್ಯಾರ್ಥಿಗಳು ಮೊದಲ ಲೇಖಕರಾಗಿದ್ದರೆ ಅದು ಒಳ್ಳೆಯ ಲಕ್ಷಣ. ಸೀನಿಯರ್‌ಗಳ ಬಳಿ "ಸರ್ ಹೇಗೆ?" ಅಂದರೆ "ಒಳ್ಳೆಯವರು" ಎಂಬ ಉತ್ತರವೇ ಬರುತ್ತದೆ. "ಕರೆಕ್ಷನ್ ಎಷ್ಟು ದಿನಕ್ಕೆ ವಾಪಸ್ ಬಂತು?" ಎಂದು ಕೇಳಿ.

ಭೇಟಿಗೆ ಒಂದೇ ಪುಟ ಒಯ್ದೆ: ಸಂಶೋಧನಾ ಪ್ರಶ್ನೆ, ಜಾಗ, ವಿಧಾನ, ತಿಂಗಳವಾರು ವೇಳಾಪಟ್ಟಿ, ಅವರಿಂದ ಬೇಕಾದ ಸಹಾಯ. ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ, "ಮೇಡಂ, ಮುಂದಿನ ವರ್ಷ ಲಾಂಗ್ ಲೀವ್ ಏನಾದರೂ ಉಂಟಾ?" ಎಂದು ಕೇಳಲು ಸಂಕೋಚ ಬೇಡ. ನಿವೃತ್ತಿ ಹತ್ತಿರ ಇದ್ದರೆ ಅರ್ಧದಲ್ಲಿ ಗೈಡ್ ಬದಲಿಸುವ ಕಾಗದಪತ್ರದ ಕೆಲಸ ತಲೆಗೆ ಬರುತ್ತದೆ. ಕೋ-ಗೈಡ್ ಆಗುವವರನ್ನು ಗೈಡ್‌ಗೆ ಹೇಳದೆ ಮೊದಲೇ ಮಾತಾಡಿಸಬಾರದು. ಗೈಡ್ ಒಪ್ಪಿದ ಮೇಲೆ, ಅವರ ಮೂಲಕವೇ ಪತ್ರ ಹೋಗಬೇಕು.

ನನ್ನ ಮಟ್ಟಿಗೆ ಅತಿ ಮುಖ್ಯವಾದ ಆಯ್ಕೆ ಮೊದಲ ಕೋ-ಗೈಡ್ ಆದ ಸ್ಟ್ಯಾಟಿಸ್ಟಿಕ್ಸ್‌ನವರದು, ಅದೂ ಡೇಟಾ ಸಂಗ್ರಹಕ್ಕೆ ಮೊದಲು. ಅಧಿಕ ರಕ್ತದೊತ್ತಡ 30% ಕಾರ್ಮಿಕರಿಗೆ ಇರಬಹುದು, ನಿಖರತೆ ಆಚೀಚೆ 5% ಎಂದು ಹಿಡಿದರೆ 95% ವಿಶ್ವಾಸ ಮಟ್ಟದಲ್ಲಿ ಸೂತ್ರ ಕೊಡುವುದು 323 ಜನ. ನಾನು ಅಲ್ಲಿಗೇ ನಿಲ್ಲಿಸಿದ್ದೆ. ಉಳಿದದ್ದನ್ನು ತೋರಿಸಿದ್ದು ಅವರು. ಒಂದೇ ಬೋಟಿನವರು ಒಂದೇ ಅಡುಗೆ ಉಣ್ಣುತ್ತಾರೆ, ಒಂದೇ ಪಾಳಿಯಲ್ಲಿ ನಿದ್ದೆಗೆಡುತ್ತಾರೆ. ಬೋಟ್‌ವಾರು ಆರಿಸಿದರೆ ಅದು ಕ್ಲಸ್ಟರ್ ಸ್ಯಾಂಪಲ್, ಅಂದರೆ ಒಬ್ಬೊಬ್ಬರನ್ನಲ್ಲ, ಗುಂಪನ್ನೇ ಆರಿಸುವುದು. ಗುಂಪಿನವರು ಒಂದೇ ತರಹ ಇರುವುದಕ್ಕಾಗಿ ಸ್ಯಾಂಪಲ್ ಹೆಚ್ಚಿಸುವ ಗುಣಕ, ಡಿಸೈನ್ ಎಫೆಕ್ಟ್, 1.5 ಹಾಕಿದಾಗ 485, ಶೇಕಡಾ 10 ಮಂದಿ ಒಪ್ಪದಿದ್ದರೆ ಎಂದು ಸೇರಿಸಿದಾಗ 539. ಡೇಟಾ ಮುಗಿಸಿ ಹೋದವರಿಗೆ ಈ ಮಾತು ಹೇಳಿ ಏನೂ ಪ್ರಯೋಜನವಿಲ್ಲ.

ಎರಡನೇ ಕೋ-ಗೈಡ್ ಮೆಡಿಸಿನ್ ವಿಭಾಗದವರು. ಬಲೆ ಎಳೆದು ಬಂದವನ ಬಿಪಿ ಕೂಡಲೇ ನೋಡಿದರೆ ಅಂಕಿ ಸುಳ್ಳಾಗುತ್ತದೆ. ಹಿಂದಿನ ಅರ್ಧ ಗಂಟೆ ಚಹಾ, ಬೀಡಿ ಇಲ್ಲದೆ, 5 ನಿಮಿಷ ಕೂರಿಸಿ, 3 ಸಲ ಅಳೆದು, ಕೊನೆಯ ಎರಡರ ಸರಾಸರಿ ತೆಗೆಯಬೇಕು. 180/120 ದಾಟಿದವರನ್ನು ಎಲ್ಲಿಗೆ, ಯಾರ ಜೊತೆ ಕಳಿಸುತ್ತೀರಿ ಎಂಬ ಪ್ರಶ್ನೆಗೆ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಮುಂದೆ ಉತ್ತರ ಸಿದ್ಧ ಇರಬೇಕು. ಇದಕ್ಕೂ ಅವರೇ ಬೇಕು.

ಕರಾವಳಿಯಲ್ಲಿ ಫೀಲ್ಡ್ ಕೆಲಸ ಮಾಡಿದ ಗೈಡ್ ವೇಳಾಪಟ್ಟಿ ನೋಡಿದ ಕೂಡಲೇ ತಪ್ಪು ಹಿಡಿಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗಿರುತ್ತಾರೆ, ಬಂದರಿನಲ್ಲಿ ಸಿಗುವವರಷ್ಟೇ ಸ್ಯಾಂಪಲ್ ಆದರೆ ಅದು ಪಕ್ಷಪಾತ. ಹಾಗಾಗಿ ಮೇ ಒಳಗೆ ಡೇಟಾ, ಅದಕ್ಕೆ ಡಿಸೆಂಬರ್ ಒಳಗೆ ಎಥಿಕ್ಸ್ ಒಪ್ಪಿಗೆ ಎಂದು ಹಿಂದಕ್ಕೆ ಎಣಿಸಿದೆ. ಸಮ್ಮತಿ ಪತ್ರ ಕನ್ನಡದಲ್ಲಿ ಇದ್ದರೆ ಸಾಲದು. ತುಳುವಿನಲ್ಲಿ ಓದಿ ಹೇಳುವವರು ಬೇಕು, ಒಡಿಯಾ, ತೆಲುಗು ಅನುವಾದಗಳೂ ಬೇಕು.

ಗೈಡ್ ಒಂದು, ಕೋ-ಗೈಡ್ ಇನ್ನೊಂದು ಹೇಳುವುದು ಇದ್ದದ್ದೇ. ಒಂದೇ ಫೈಲ್ ಇಟ್ಟು, ಪ್ರತಿ ಭೇಟಿಯ ಸಂಜೆಯೇ ನಾಲ್ಕು ಸಾಲಿನ ಮೇಲ್ ಎಲ್ಲರಿಗೂ ಕಳಿಸಿ, ಭಿನ್ನಾಭಿಪ್ರಾಯ ಇದ್ದಲ್ಲಿ ಗೈಡ್ ಮಾತೇ ಅಂತಿಮ ಎಂದು ಮೊದಲೇ ಒಪ್ಪಿಸಿಕೊಂಡೆ. ಪ್ರಕಟಣೆಯಲ್ಲಿ ಲೇಖಕರ ಹೆಸರಿನ ಕ್ರಮವನ್ನೂ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಸಹಿಯ ದಿನವೇ ಬರೆದಿಟ್ಟೆವು.