ಚಿಂತಕರ ಚಾವಡಿಗೆ ಇಂಟರ್ನ್ ಆಗಿ ಹೋಗುವವರಿಗೆ

ಪತ್ರಿಕೆಗಳು ‘ಚಿಂತಕರ ಚಾವಡಿ’ ಎಂದು ಕರೆಯುವ ನೀತಿ ಸಂಶೋಧನಾ ಸಂಸ್ಥೆಗಳ ಹೆಸರು ಕೇಳಿದಾಗ, ಹಿರಿಯರು ಸುತ್ತ ಕುಳಿತು ದೇಶದ ಆಗುಹೋಗುಗಳನ್ನು ತೀರ್ಮಾನಿಸುವ ದೃಶ್ಯವೇ ಮನಸ್ಸಿಗೆ ಬರುತ್ತದೆ. ಅಲ್ಲಿಗೆ ಎರಡು ತಿಂಗಳ ಮಟ್ಟಿಗೆ ಹೋಗುವ ಇಂಟರ್ನ್‌ಗೆ ಸಿಗುವ ಕೆಲಸ ಬೇರೆಯದು. ಆಯವ್ಯಯದ ಸಂಪುಟಗಳಿಂದ ಅಂಕಿಗಳನ್ನು ಹೆಕ್ಕುವುದು, ಸರ್ಕಾರಿ ಆದೇಶಗಳನ್ನು ಓದಿ ಸಾರಾಂಶ ಬರೆಯುವುದು, ಬೇರೆಯವರು ಬರೆದ ವರದಿಯ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಮೂಲದೊಡನೆ ತಾಳೆ ನೋಡುವುದು ಅದರ ಬಹುಭಾಗ. ಈ ಕೆಲಸದಲ್ಲಿ ಬೇಸರವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಸಂಸ್ಥೆಯೊಂದರ ಮಾತಿಗೆ ಸದನದಲ್ಲಿಯೂ ಪತ್ರಿಕೆಯಲ್ಲಿಯೂ ಬೆಲೆ ಬರುವುದು ಈ ತಾಳೆ ನೋಡುವ ಕೆಲಸದಿಂದಲೇ.

ಮೊದಲು ಮಾಡಬೇಕಾದುದು ಸಂಸ್ಥೆಯ ಸ್ವಭಾವವನ್ನು ಅರಿಯುವುದು. ಬೆಂಗಳೂರಿನ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯು (ಐಸೆಕ್) ವಿಶ್ವವಿದ್ಯಾಲಯದ ನಡೆಗೆ ಹತ್ತಿರವಾದದ್ದು, ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳೂ ಪ್ರಾಧ್ಯಾಪಕರೂ ಇರುತ್ತಾರೆ, ಅಧ್ಯಯನಗಳು ನಿಧಾನವಾಗಿ ಸಾಗುತ್ತವೆ. ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಹೆಸರಾದದ್ದು, ನೀರು, ವಿದ್ಯುತ್ತು ಮೊದಲಾದ ಸೇವೆಗಳಿಗೆ ನಾಗರಿಕರಿಂದಲೇ ಅಂಕ ಕೊಡಿಸಿದ ‘ರಿಪೋರ್ಟ್ ಕಾರ್ಡ್’ಗಳಿಂದ. ದಕ್ಷ್ ಸಂಸ್ಥೆ ನ್ಯಾಯಾಲಯಗಳ ವಿಳಂಬವನ್ನು ಅಧ್ಯಯನ ಮಾಡುತ್ತದೆ. 2013ರಲ್ಲಿ ಆರಂಭವಾದ ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಕಾನೂನುಗಳ ಕರಡಿನ ಮಟ್ಟದಲ್ಲಿ ಕೆಲಸ ಮಾಡುತ್ತದೆ. ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ 2005ರಿಂದ ಸಂಸತ್ತಿನ ಮುಂದೆ ಬರುವ ಮಸೂದೆಗಳನ್ನು ವಿಶ್ಲೇಷಿಸುತ್ತ ಬಂದಿದೆ. ಇವಲ್ಲದೆ ಪಕ್ಷಗಳಿಗೆ ಹತ್ತಿರವಾದ ಸಂಸ್ಥೆಗಳೂ ಇವೆ: ಡಾ. ಶ್ಯಾಮಾ ಪ್ರಸಾದ್ ಮುಖರ್ಜಿ ರಿಸರ್ಚ್ ಫೌಂಡೇಶನ್ ಭಾರತೀಯ ಜನತಾ ಪಕ್ಷದ ವಲಯದ್ದು, ರಾಜೀವ್ ಗಾಂಧಿ ಸಮಕಾಲೀನ ಅಧ್ಯಯನ ಸಂಸ್ಥೆ ಕಾಂಗ್ರೆಸ್ ವಲಯದ್ದು. ಪಕ್ಷದ ನೆರಳಿನ ಸಂಸ್ಥೆಯಲ್ಲಿ ಕೆಲಸ ಮಾಡುವುದು ತಪ್ಪಲ್ಲ. ಆದರೆ ಅದನ್ನು ತಿಳಿದೇ ಒಳಗೆ ಹೋಗಬೇಕು, ಏಕೆಂದರೆ ಆ ಹೆಸರು ನಿಮ್ಮ ಪರಿಚಯಪತ್ರದಲ್ಲಿ ಬಹುಕಾಲ ಉಳಿಯುತ್ತದೆ.

ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅದರ ವಾರ್ಷಿಕ ವರದಿಯಲ್ಲಿ ನೋಡಿ. ಸಂದರ್ಶನದಲ್ಲಿ ಈ ಪ್ರಶ್ನೆ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ; ಸಿಟ್ಟಾದರೆ ಅದೂ ಒಂದು ಉತ್ತರವೇ. 1973ರಲ್ಲಿ ಸ್ಥಾಪನೆಯಾದ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ವಿದೇಶಿ ದೇಣಿಗೆ ಪರವಾನಗಿಯನ್ನು ಕೇಂದ್ರ ಸರ್ಕಾರ 2023ರಲ್ಲಿ ಅಮಾನತಿನಲ್ಲಿಟ್ಟು 2024ರ ಜನವರಿಯಲ್ಲಿ ರದ್ದುಪಡಿಸಿದ ಪ್ರಕರಣವನ್ನು ಗಮನಿಸಿದರೆ, ಹಣದ ಮೂಲವೊಂದು ನಿಂತಾಗ ಹಳೆಯ, ದೊಡ್ಡ ಸಂಸ್ಥೆಯೂ ಸಂಕಟಕ್ಕೆ ಸಿಲುಕಬಹುದೆಂಬುದು ತಿಳಿಯುತ್ತದೆ. ಸ್ಟೈಪೆಂಡ್ ಎಷ್ಟು, ತಿಂಗಳ ಯಾವ ದಿನ ಬರುತ್ತದೆ ಎಂಬುದನ್ನು ಸೇರುವ ಮೊದಲೇ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ.

ಅರ್ಜಿಯ ದಾರಿಗಳು ಬೇರೆಬೇರೆ. ನೀತಿ ಆಯೋಗ ಪ್ರತಿ ತಿಂಗಳ 1ರಿಂದ 10ನೆಯ ತಾರೀಖಿನವರೆಗೆ ಆನ್‌ಲೈನ್ ಅರ್ಜಿ ಸ್ವೀಕರಿಸುವ ಪದ್ಧತಿ ಇಟ್ಟುಕೊಂಡಿದೆ. ಅವಧಿ ಕನಿಷ್ಠ ಆರು ವಾರ, ಗರಿಷ್ಠ ಆರು ತಿಂಗಳು. ಸಂಬಳವಿಲ್ಲ, ಲ್ಯಾಪ್‌ಟಾಪ್ ನಿಮ್ಮದೇ. ದೆಹಲಿಯಲ್ಲಿ ಬಾಡಿಗೆ ಕೊಟ್ಟು ಇರಲು ಮನೆಯವರ ನೆರವಿಲ್ಲದವರಿಗೆ ಇದು ಎಟುಕುವುದು ಕಷ್ಟ, ಮತ್ತು ನೀತಿ ರೂಪಿಸುವ ಜಾಗಗಳಲ್ಲಿ ಎಂಥವರ ಮಕ್ಕಳು ಹೆಚ್ಚಾಗಿ ಕಾಣುತ್ತಾರೆ ಎಂಬುದಕ್ಕೆ ಇದೂ ಒಂದು ಕಾರಣ. ಪಿಆರ್‌ಎಸ್ ನಡೆಸುವ ಲ್ಯಾಂಪ್ ಫೆಲೋಶಿಪ್ ಇಂಟರ್ನ್‌ಶಿಪ್‌ಗಿಂತ ದೊಡ್ಡದು: ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಸುಮಾರು ಹನ್ನೊಂದು ತಿಂಗಳು ಒಬ್ಬ ಸಂಸದರ ಜೊತೆ ಕೆಲಸ ಮಾಡುವ ಅವಕಾಶ, ಅದಕ್ಕೆ ಸ್ಟೈಪೆಂಡ್ ಕೂಡ ಇದೆ. ಸಣ್ಣ ಸಂಸ್ಥೆಗಳಿಗೆ ಪ್ರಕಟಣೆಯನ್ನು ಕಾಯದೆ ನೇರವಾಗಿ ಬರೆಯಬಹುದು.

ಬರೆಯುವಾಗ ‘ನನಗೆ ಸಾರ್ವಜನಿಕ ನೀತಿಯಲ್ಲಿ ಅಪಾರ ಆಸಕ್ತಿ’ ಎಂಬ ಸಾಲನ್ನು ಬಿಟ್ಟುಬಿಡಿ. ಅರ್ಜಿ ಹಾಕಿದವರೆಲ್ಲರೂ ಅದನ್ನೇ ಬರೆದಿರುತ್ತಾರೆ. ಬದಲಿಗೆ ಎರಡು ಪುಟದ ಬರಹದ ಮಾದರಿಯೊಂದನ್ನು ಲಗತ್ತಿಸಿ. ವಿಷಯ ಚಿಕ್ಕದಾಗಿರಲಿ. ಉದಾಹರಣೆಗೆ, ಕರ್ನಾಟಕದ ಪ್ರಾದೇಶಿಕ ಅಸಮತೋಲನ ಕುರಿತು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯು ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅವುಗಳನ್ನು ಅತ್ಯಂತ ಹಿಂದುಳಿದ 39, ಅತಿ ಹಿಂದುಳಿದ 40, ಹಿಂದುಳಿದ 35 ಎಂದು ವಿಂಗಡಿಸಿತ್ತು. ಈ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕು ಎಲ್ಲಿತ್ತು, ಒಂದೇ ಒಂದು ಸೂಚಕದಲ್ಲಿ ಅದು ಈಗ ಎಲ್ಲಿದೆ ಎಂದು ನೋಡಿ ಬರೆದರೆ ಸಾಕು. ಬರೆಯಲು ಕುಳಿತಾಗ ತೊಡಕೂ ಎದುರಾಗುತ್ತದೆ: ಆಮೇಲೆ ತಾಲ್ಲೂಕುಗಳು ಒಡೆದು ಈಗ 230ಕ್ಕೂ ಹೆಚ್ಚಾಗಿವೆ, ಆದ್ದರಿಂದ ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ನೇರವಾಗಿ ಎದುರುಬದುರು ಇಡುವಂತಿಲ್ಲ. ಈ ತೊಡಕನ್ನು ನೀವಾಗಿಯೇ ಕಂಡು ಒಂದು ವಾಕ್ಯದಲ್ಲಿ ಹೇಳಿದ್ದರೆ, ಅರ್ಜಿ ನೋಡುವವರು ಅಲ್ಲಿ ತಡೆದು ನಿಲ್ಲುತ್ತಾರೆ.

ಈಗ ಕೆಲಸದ ಮಾತು. ಹೆಚ್ಚು ಸಮಯ ಹೋಗುವುದು ಆಯವ್ಯಯದ ಮೇಲೆ, ಹೆಚ್ಚು ತಪ್ಪುಗಳಾಗುವುದೂ ಅಲ್ಲಿಯೇ. ಒಂದು ವರ್ಷದ ಆಯವ್ಯಯ ಪುಸ್ತಕದಲ್ಲಿ ಮೂರು ವರ್ಷಗಳ ಅಂಕಿಗಳಿರುತ್ತವೆ: 2025-26ರ ಪುಸ್ತಕವನ್ನು ತೆರೆದರೆ 2023-24ಕ್ಕೆ ವಾಸ್ತವವಾಗಿ ಆದ ಲೆಕ್ಕ, 2024-25ಕ್ಕೆ ಅಂದಾಜು ಮತ್ತು ಪರಿಷ್ಕೃತ ಅಂದಾಜು, 2025-26ಕ್ಕೆ ಅಂದಾಜು ಮಾತ್ರ. ಈ ವರ್ಷದ ಅಂದಾಜನ್ನು ಹಿಂದಿನ ಲೆಕ್ಕದ ಪಕ್ಕದಲ್ಲಿಟ್ಟು ‘ಅನುದಾನ ಇಷ್ಟು ಹೆಚ್ಚಿದೆ’ ಎಂದು ಬರೆಯುವುದು ಆಳುವವರಿಗೂ ವಿರೋಧ ಪಕ್ಷದವರಿಗೂ ಬೇಕಾದಾಗ ಒದಗುವ ವಿದ್ಯೆ. ಸಂಶೋಧಕರು ಅಂದಾಜನ್ನು ಅಂದಾಜಿನೊಡನೆ, ಲೆಕ್ಕವನ್ನು ಲೆಕ್ಕದೊಡನೆ ಮಾತ್ರ ಹೋಲಿಸಬೇಕು. ಹಣ ಯಾವ ಬಾಬಿಗೆ ಸೇರಿದ್ದೆಂದು ತೋರಿಸುವ ಲೆಕ್ಕಶೀರ್ಷಿಕೆಯ ನಾಲ್ಕು ಅಂಕಿಗಳನ್ನೂ ಓದಲು ಕಲಿಯಿರಿ. ಮೊದಲ ಅಂಕಿ 2 ಅಥವಾ 3 ಆಗಿದ್ದರೆ ಅದು ರಾಜಸ್ವ ವೆಚ್ಚ, 4 ಅಥವಾ 5 ಆಗಿದ್ದರೆ ಬಂಡವಾಳ ವೆಚ್ಚ, 6 ಅಥವಾ 7 ಆಗಿದ್ದರೆ ಸಾಲ. 2202 ಎಂದರೆ ಸಾಮಾನ್ಯ ಶಿಕ್ಷಣ, 2210 ಎಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. ಶಾಲಾ ಶಿಕ್ಷಕರ ಸಂಬಳ 2202ರಲ್ಲಿ ಸಿಕ್ಕರೆ, ಕಟ್ಟಡಕ್ಕೆ ಇಟ್ಟ ಹಣವನ್ನು 4202ರಲ್ಲಿ ಹುಡುಕಬೇಕು. ಒಂದನ್ನೇ ನೋಡಿ ‘ಶಿಕ್ಷಣದ ಒಟ್ಟು ವೆಚ್ಚ’ ಎಂದು ಬರೆದರೆ ಆ ವಾಕ್ಯವೇ ಸುಳ್ಳಾಗುತ್ತದೆ.

ಕೇಂದ್ರದ ಬಜೆಟ್ ದಾಖಲೆಗಳು ಕೋಟಿ ರೂಪಾಯಿಗಳಲ್ಲಿ, ಕರ್ನಾಟಕದ ವಿವರವಾದ ಅಂದಾಜುಗಳು ಲಕ್ಷ ರೂಪಾಯಿಗಳಲ್ಲಿ ಇರುತ್ತವೆ. ನಾನು ಇಂಟರ್ನ್ ಆಗಿದ್ದ ಮೊದಲ ವಾರವೇ ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಿ, ರಾಜ್ಯದ ಒಂದು ಸಣ್ಣ ಯೋಜನೆಯನ್ನು ನೂರು ಪಟ್ಟು ಹಿಗ್ಗಿಸಿಬಿಟ್ಟಿದ್ದೆ. ತಿದ್ದಿದ ಹಿರಿಯರು ಗದರಲಿಲ್ಲ. ‘ಈ ಹಣದಲ್ಲಿ ತಲಾ ಎಷ್ಟು ಬರುತ್ತದೆ, ಭಾಗಿಸಿ ನೋಡಿ’ ಎಂದಷ್ಟೇ ಹೇಳಿದರು. ಭಾಗಿಸಿದೊಡನೆ ತಪ್ಪು ಕಣ್ಣಿಗೆ ರಾಚಿತು. ಅಂದಿನಿಂದ ಯಾವ ದೊಡ್ಡ ಮೊತ್ತ ಕಂಡರೂ ಫಲಾನುಭವಿಗಳ ಸಂಖ್ಯೆಯಿಂದ ಭಾಗಿಸದೆ ಮುಂದೆ ಹೋಗುವುದಿಲ್ಲ.

ಸರ್ಕಾರಿ ಆದೇಶ ಓದುವುದು ಇನ್ನೊಂದು ಅಭ್ಯಾಸ, ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರು ಇತರರಿಗಿಂತ ಮುಂದಿರುವುದು ಇಲ್ಲಿಯೇ. ವಿಧಾನಸಭೆಯ ಚರ್ಚೆಗಳು, ಇಲಾಖೆಗಳ ಸುತ್ತೋಲೆಗಳು, ಗ್ರಾಮ ಪಂಚಾಯತಿಯ ನಡವಳಿಗಳು ಬಹುಪಾಲು ಕನ್ನಡದಲ್ಲಿರುವುದರಿಂದ, ಇಂಗ್ಲಿಷ್ ಚೆನ್ನಾಗಿ ಬರೆಯುವ ಸಹೋದ್ಯೋಗಿಗಳು ಕೂಡ ಅವುಗಳ ಮುಂದೆ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಇಂಗ್ಲಿಷಿನ ಅಳುಕಿನಿಂದ ಈ ಬಲವನ್ನು ಅರ್ಜಿಯಲ್ಲಿ ಮರೆಮಾಚುವವರನ್ನು ಕಂಡು ನನಗೆ ಬೇಸರವಾಗಿದೆ. ಆದೇಶದಲ್ಲಿ ‘ಓದಲಾಗಿದೆ’ ಎಂಬಲ್ಲಿ ಹಿಂದಿನ ಆದೇಶಗಳ ಪಟ್ಟಿ, ‘ಪ್ರಸ್ತಾವನೆ’ಯಲ್ಲಿ ಹಿನ್ನೆಲೆ, ಆಮೇಲೆ ನಿಜವಾದ ಆದೇಶ ಇರುತ್ತದೆ. ಷರತ್ತುಗಳು ಕೊನೆಯಲ್ಲಿ ಅಡಗಿರುತ್ತವೆ. ಆರ್ಥಿಕ ಇಲಾಖೆಯ ಸಹಮತಿಯ ಉಲ್ಲೇಖವನ್ನು ಹುಡುಕಿ ಗುರುತುಮಾಡಿಕೊಳ್ಳಿ. ಹಣದ ಬೆಂಬಲವಿಲ್ಲದ ಘೋಷಣೆ ಯಾವುದೆಂದು ಪತ್ತೆಹಚ್ಚಲು ಅದು ಮೊದಲ ಸುಳಿವು.

ದಾಖಲೆ ಸಿಗದಿದ್ದಾಗ ಎರಡು ಬಾಗಿಲುಗಳಿವೆ. ಮೊದಲನೆಯದು ಸದನದ ಪ್ರಶ್ನೋತ್ತರ. ಲೋಕಸಭೆಯಲ್ಲಿ ದಿನವೊಂದಕ್ಕೆ ಸದನದಲ್ಲಿ ಬಾಯಿಮಾತಿನ ಉತ್ತರ ಬಯಸುವ 20 ಚುಕ್ಕೆ ಗುರುತಿನ ಪ್ರಶ್ನೆಗಳೂ ಲಿಖಿತ ಉತ್ತರವಷ್ಟೇ ಸಿಗುವ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳೂ ಪಟ್ಟಿಯಾಗುತ್ತವೆ. ಟಿವಿಯಲ್ಲಿ ಕಾಣುವ ಗದ್ದಲದ ಆಚೆ, ಲಿಖಿತ ಉತ್ತರಗಳ ಅನುಬಂಧಗಳಲ್ಲಿ ರಾಜ್ಯವಾರು ಅಂಕಿಗಳು ಸದ್ದಿಲ್ಲದೆ ಬಿದ್ದಿರುತ್ತವೆ. ಎರಡನೆಯದು ಮಾಹಿತಿ ಹಕ್ಕು. ಉತ್ತರಕ್ಕೆ ಕಾನೂನು 30 ದಿನ ಕೊಡುವುದರಿಂದ, ಎಂಟು ವಾರದ ಇಂಟರ್ನ್‌ಶಿಪ್‌ನಲ್ಲಿ ಅರ್ಜಿ ಮೊದಲ ವಾರವೇ ಹೋಗಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತೆ ಇರಬೇಕು. ಶುಲ್ಕ 10 ರೂಪಾಯಿ. ಅರ್ಜಿಗೆ ಸಹಿ ಹಾಕುವವರು ನಾಗರಿಕರಾಗಿ ನೀವೇ ಆದ್ದರಿಂದ, ನಿಮ್ಮ ಮೇಲ್ವಿಚಾರಕರಿಗೆ ಕರಡು ತೋರಿಸಿಯೇ ಕಳುಹಿಸಿ.

ಟಿಪ್ಪಣಿ ಬರೆಯುವಾಗ ಉತ್ತರವನ್ನು ಮೊದಲ ವಾಕ್ಯದಲ್ಲಿಯೇ ಕೊಡಿ. ಅದನ್ನು ಓದುವ ಶಾಸಕರಿಗೋ ಅಧಿಕಾರಿಗೋ ಸಿಗುವುದು ಕಾರಿನಲ್ಲಿ ಹೋಗುವಾಗಿನ ಹತ್ತು ನಿಮಿಷ. ಪ್ರತಿ ಅಂಕಿಯ ಪಕ್ಕದಲ್ಲಿ ಸಂಪುಟ, ಪುಟ, ಲೆಕ್ಕಶೀರ್ಷಿಕೆ ಇರಲಿ. ನಿಮ್ಮ ತೀರ್ಮಾನಕ್ಕೆ ವಿರುದ್ಧವಾದ ಅಂಕಿಯೊಂದು ಸಿಕ್ಕರೆ ಅದನ್ನು ಅಡಿಟಿಪ್ಪಣಿಗೆ ತಳ್ಳದೆ ಬರಹದ ಮೈಯಲ್ಲಿಯೇ ಬರೆಯಿರಿ. ಮೇಲ್ವಿಚಾರಕರು ಅದನ್ನು ತೆಗೆಯಲು ಹೇಳಿದರೆ ಕಾರಣ ಕೇಳಿ. ಸಂಸ್ಥೆಯ ನಿಲುವಿಗೆ ಹೊಂದುವುದಿಲ್ಲ ಎಂಬುದಷ್ಟೇ ಕಾರಣವಾದರೆ, ಆ ಟಿಪ್ಪಣಿಯಲ್ಲಿ ನಿಮ್ಮ ಹೆಸರು ಬೇಡವೆಂದು ಸೌಜನ್ಯದಿಂದ ಹೇಳುವ ಹಕ್ಕು ಇಂಟರ್ನ್‌ಗೂ ಇದೆ. ಪ್ರಕಟವಾಗದ ಕರಡುಗಳನ್ನು ಮಾತ್ರ ಯಾವ ಕಾರಣಕ್ಕೂ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ, ಗೆಳೆಯರು ಪತ್ರಕರ್ತರಾಗಿದ್ದರಂತೂ ಇನ್ನಷ್ಟು ಎಚ್ಚರವಿರಲಿ.

ಕೊನೆಯ ವಾರದಲ್ಲಿ ಹೊಸ ಕೆಲಸ ಒಪ್ಪಿಕೊಳ್ಳದೆ ಅದನ್ನು ಹಸ್ತಾಂತರಕ್ಕೆ ಇಟ್ಟುಕೊಳ್ಳಿ. ಕಡತಗಳಿಗೆ ದಿನಾಂಕ ಸಹಿತ ಹೆಸರು ಕೊಟ್ಟು, ಯಾವ ಕೋಷ್ಟಕ ಯಾವ ಮೂಲದಿಂದ ಬಂತು, ಯಾವುದನ್ನು ಇನ್ನೂ ತಾಳೆ ನೋಡಿಲ್ಲ, ಯಾವ ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಬಾಕಿ ಇದೆ ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ಪ್ರಮಾಣಪತ್ರದ ಜೊತೆಗೆ, ನೀವು ಬರೆದ ಯಾವ ಭಾಗವನ್ನು ಮುಂದಿನ ಅರ್ಜಿಗಳಿಗೆ ಮಾದರಿಯಾಗಿ ಬಳಸಬಹುದೆಂಬ ಲಿಖಿತ ಅನುಮತಿಯನ್ನೂ ಆ ವಾರವೇ ಪಡೆದುಕೊಳ್ಳಿ. ಮೇಲ್ವಿಚಾರಕರು ಸಂಸ್ಥೆ ಬದಲಿಸಿದ ಮೇಲೆ ಅದನ್ನು ಕೊಡುವವರು ಯಾರೂ ಇರುವುದಿಲ್ಲ.